ಅಳು ಬರೋ ಹೊತ್ತಿಗೆ ಮಂಗಾಟ ಬೇಡ ಅನ್ನುವವರಿಗೆ ಒಂದಿಷ್ಟು ಅನಿಮೆ

ಅನಿಮೆ, ಅಂದರೆ ಜಪಾನಿನ ಆನಿಮೇಷನ್, ನೋಡಲು ಶುರು ಮಾಡಿ ಎರಡು ಮೂರು ಎಪಿಸೋಡಿಗೇ ಕೈಬಿಟ್ಟವರು ನನಗೆ ಬೇಕಾದಷ್ಟು ಜನ ಗೊತ್ತು. ಯಾಕೆ ಅಂತ ಕೇಳಿದರೆ ಹೆಚ್ಚುಕಮ್ಮಿ ಒಂದೇ ಉತ್ತರ. ಕಥೆ ಚೆನ್ನಾಗಿತ್ತು ಮಾರಾಯ, ಆದರೆ ಆ ಮಂಗಾಟ ಸಹಿಸೋಕಾಗಲ್ಲ.

ಅವರು ಹೇಳೋದು ಸುಳ್ಳಲ್ಲ. 'ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್' ತಗೊಳ್ಳಿ. ಸತ್ತ ಅಮ್ಮನನ್ನು ವಾಪಸ್ ತರೋಕೆ ಹೋಗಿ ಅಣ್ಣ ಒಂದು ಕೈ, ಒಂದು ಕಾಲು ಕಳೆದುಕೊಳ್ಳುತ್ತಾನೆ. ತಮ್ಮನಿಗೆ ಮೈಯೇ ಹೋಗಿ ಜೀವ ಒಂದು ಖಾಲಿ ಲೋಹದ ಕವಚದಲ್ಲಿ ಉಳಿಯುತ್ತದೆ. ಇಂಥ ಕಥೆಯಲ್ಲಿ ಆ ಅಣ್ಣನನ್ನು ಯಾರಾದರೂ ಕುಳ್ಳ ಅಂದರೆ ಸಾಕು, ತಲೆ ಊದಿಕೊಂಡು, ಮೈ ಗೊಂಬೆಯಷ್ಟಾಗಿ, ಕೈಕಾಲು ಬಡಿಯುತ್ತಾ ಕಿರುಚಾಡುತ್ತಾನೆ. 'ಡೀಮನ್ ಸ್ಲೇಯರ್‌'ನಲ್ಲಿ ಮೊದಲ ಎಪಿಸೋಡಲ್ಲೇ ಹುಡುಗನ ಮನೆಯವರ ಹೆಣ ಬಿದ್ದಿರುತ್ತದೆ, ಆಮೇಲೆ ಝೆನಿತ್ಸು ಅನ್ನೋನು ಬಂದು ಚೀರಿದ್ದೇ ಚೀರಿದ್ದು. ಇವು ಕೆಟ್ಟವು ಅಂತ ನಾನು ಹೇಳ್ತಿಲ್ಲ, ನನಗೂ ಫುಲ್‌ಮೆಟಲ್ ಇಷ್ಟವೇ. ಆದರೆ "ಶುರು ಮಾಡೋಕೆ ಯಾವುದು ಒಳ್ಳೇದು" ಅಂತ ಕೇಳಿದವರಿಗೆಲ್ಲ ಕಣ್ಣುಮುಚ್ಚಿ ಇವನ್ನೇ ಹೇಳ್ತೀವಲ್ಲ, ಅಲ್ಲೇ ತಪ್ಪೋದು.

ಈ ಚಾಳಿ ಇವತ್ತಿನದೇನಲ್ಲ. ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್ ಲೋಕಕ್ಕೆ ಹಿರಿಯಣ್ಣನಂತಿದ್ದ ಒಸಾಮು ತೆಜುಕಾ ಎಂಥ ಗಂಭೀರ ಕಥೆ ಬರೆಯುತ್ತಿದ್ದರೂ ಹಂದಿ ಮೂತಿಯ, ಮೈತುಂಬ ತೇಪೆ ಹಾಕಿದ ಹ್ಯೋತಾನ್‌ತ್ಸುಗಿ ಅನ್ನೋ ಒಂದು ಪ್ರಾಣಿಯನ್ನು ಸುಮ್ನೆ ಎಲ್ಲೋ ಒಂದು ಕಡೆ ತೂರಿಸಿಬಿಡುತ್ತಿದ್ದರು. ಹುಡುಗರಿಗಾಗಿ ಬರುವ ಶೋನೆನ್ ವಾರಪತ್ರಿಕೆಗಳಲ್ಲಿ ಅದು ಹಾಗೇ ಮುಂದುವರಿಯಿತು.

ಅದಕ್ಕೇ ನಾನು ಯಾವ ಅನಿಮೆ ನೋಡುವ ಮೊದಲೂ ಅದರ ಮೂಲ ಮಾಂಗಾ ಯಾವ ಪತ್ರಿಕೆಯಲ್ಲಿ ಬಂತು ಅಂತ ನೋಡುತ್ತೇನೆ. ವಿಕಿಪೀಡಿಯದಲ್ಲಿ ಬಲಗಡೆ ಪೆಟ್ಟಿಗೆಯಲ್ಲೇ ಇರುತ್ತದೆ, ಅರ್ಧ ನಿಮಿಷದ ಕೆಲಸ. 'ಬಿಗ್ ಕಾಮಿಕ್ ಒರಿಜಿನಲ್' ಅಥವಾ 'ಆಫ್ಟರ್‌ನೂನ್' ಅಂತಿದ್ದರೆ ದೊಡ್ಡವರಿಗಾಗಿ ಬರೆದದ್ದು, ಧೈರ್ಯವಾಗಿ ಕೂರಬಹುದು. ಬರೀ 'ಸೈನೆನ್' (ದೊಡ್ಡ ಗಂಡಸರಿಗಾಗಿ ಬರೆದದ್ದು) ಅನ್ನೋ ಹಣೆಪಟ್ಟಿ ನಂಬಿ ಹೋಗಬೇಡಿ. ಮುದ್ದು ಮುದ್ದು ಹುಡುಗಿಯರು ಕ್ಲಬ್ಬಿನಲ್ಲಿ ಕೂತು ಟೀ ಕುಡಿಯೋ 'ಕೆ-ಆನ್!' ಕೂಡ ಲೆಕ್ಕದಲ್ಲಿ ಸೈನೆನ್ನೇ! ಇನ್ನು 'ಡಾರ್ಕ್' ಅಂತ ಪಟ್ಟಿ ಮಾಡಿ ಹಾಕುತ್ತಾರಲ್ಲ, ಅದನ್ನಂತೂ ಕಣ್ಣೆತ್ತಿಯೂ ನೋಡಬೇಡಿ. ರಕ್ತ ಜಾಸ್ತಿ ಚೆಲ್ಲಿದ ಮಾತ್ರಕ್ಕೆ ಕಥೆ ಗಂಭೀರ ಆಗಲ್ಲ, ಎಷ್ಟೋ ಸಲ ಅದೂ ಒಂಥರಾ ಮಂಗಾಟವೇ.

ಸರಿ, ಹೆಸರುಗಳಿಗೆ ಬರೋಣ.

ಮೊದಲನೆಯದು 'ಮಾನ್‌ಸ್ಟರ್'. ನಾವೋಕಿ ಉರಾಸಾವಾ ಬರೆದ ಮಾಂಗಾ, 2004-05ರಲ್ಲಿ ಮ್ಯಾಡ್‌ಹೌಸ್ ಅನ್ನೋ ಸ್ಟುಡಿಯೋ ಮಾಡಿದ 74 ಎಪಿಸೋಡು. ಕಥೆ ನಡೆಯೋದು ಜಪಾನಿನಲ್ಲಲ್ಲ, ಜರ್ಮನಿಯಲ್ಲಿ. ಡಸೆಲ್ಡಾರ್ಫ್‌ನ ಒಂದು ಆಸ್ಪತ್ರೆಯಲ್ಲಿ ಕೆನ್ಝೋ ತೆನ್ಮಾ ಅನ್ನೋ ಮೆದುಳಿನ ಸರ್ಜನ್. ಮೊದಲು ಬಂದಿದ್ದ ಟರ್ಕಿಯ ಕೂಲಿಯವನನ್ನು ಬಿಟ್ಟು ಹೆಸರಾಂತ ಗಾಯಕನ ಆಪರೇಷನ್ ಮಾಡು ಅಂತ ಮೇಲಿನಿಂದ ಹೇಳುತ್ತಾರೆ, ಮಾಡುತ್ತಾನೆ, ಕೂಲಿಯವನು ಸಾಯುತ್ತಾನೆ. ಅವನ ಹೆಂಡತಿ ಆಸ್ಪತ್ರೆಯಲ್ಲೇ ತೆನ್ಮಾನ ಎದುರು ನಿಂತು, ನನ್ನ ಗಂಡ ಮೊದಲು ಬಂದಿದ್ದ ಅಲ್ವಾ ಅಂತ ಕೇಳುತ್ತಾಳೆ. ಅದು ಅವನನ್ನು ಕೊರೆಯುತ್ತದೆ. ಮುಂದಿನ ಸಲ ತಲೆಗೆ ಗುಂಡೇಟು ಬಿದ್ದ ಒಬ್ಬ ಹುಡುಗ ಬಂದಾಗ, ಮೇಯರ್‌ನನ್ನು ನೋಡು ಅಂತ ಆಜ್ಞೆಯಾದರೂ ಹುಡುಗನ ಆಪರೇಷನ್ನೇ ಮಾಡುತ್ತಾನೆ. ಸರಿಯಾದ ಕೆಲಸ. ಒಂಬತ್ತು ವರ್ಷ ಆದಮೇಲೆ ಗೊತ್ತಾಗುತ್ತದೆ ಆ ಹುಡುಗ ಯಾರು ಅಂತ. ಇದಕ್ಕಿಂತ ಹೆಚ್ಚು ನಾನು ಹೇಳಲ್ಲ.

ಇದರಲ್ಲಿ ಗ್ರಿಮ್ಮರ್ ಅಂತ ಒಬ್ಬ ಬರುತ್ತಾನೆ, ಅರ್ಧ ದಾರಿ ದಾಟಿದ ಮೇಲೆ. ಯಾವಾಗಲೂ ನಗುಮುಖ. ಪೂರ್ವ ಜರ್ಮನಿಯ ಒಂದು ಅನಾಥಾಲಯದಲ್ಲಿ ಬೆಳೆದವನು, ಅಲ್ಲಿ ಮಕ್ಕಳ ಮನಸ್ಸಿನಿಂದ ಭಾವನೆಗಳನ್ನೇ ಒರೆಸಿಹಾಕಿರುತ್ತಾರೆ. ಸ್ವಂತ ಮಗ ಸತ್ತಾಗಲೂ ಏನೂ ಅನ್ನಿಸದೆ ನಿಂತಿದ್ದವನು. ನಗುವನ್ನು ಅವನು ಅಭ್ಯಾಸ ಮಾಡಿ ಕಲಿತಿರೋದು. ಅದು ಗೊತ್ತಾದಮೇಲೆ ಅವನು ನಕ್ಕಾಗೆಲ್ಲ ನಮಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಮಧ್ಯದಲ್ಲಿ ಕಥೆ ನಿಧಾನ ಅನ್ನೋದು ನಿಜ, ತೆನ್ಮಾ ಸರಿಯಾಗಿ ಕಾಣಿಸಿಕೊಳ್ಳದ ಎಪಿಸೋಡುಗಳೂ ಇವೆ, ಬೇಜಾರಾದರೆ ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿ.

74 ಅಂದಕೂಡಲೇ ತಲೆ ತಿರುಗುವವರಿಗೆ ಅದೇ ಉರಾಸಾವಾ ಅವರ 'ಪ್ಲುಟೊ' ಇದೆ. ನೆಟ್‌ಫ್ಲಿಕ್ಸ್ 2023ರಲ್ಲಿ ತಂದದ್ದು, ಎಂಟೇ ಎಪಿಸೋಡು, ಒಂದೊಂದೂ ಹೆಚ್ಚುಕಮ್ಮಿ ಒಂದು ಗಂಟೆ. ತೆಜುಕಾ ಅವರ 'ಆಸ್ಟ್ರೋ ಬಾಯ್‌'ನ ಒಂದು ಕಥೆಯನ್ನೇ ತಗೊಂಡು ಕೊಲೆ ಪತ್ತೇದಾರಿ ಮಾಡಿದ್ದಾರೆ. ಮೊದಲ ಎಪಿಸೋಡಲ್ಲಿ ಯುದ್ಧ ಮಾಡಿ ಬಂದ ಒಂದು ರೋಬೋಟ್ ಕಣ್ಣು ಕಾಣದ ಮುದುಕ ಸಂಗೀತಗಾರನ ಮನೆಯಲ್ಲಿ ಆಳಾಗಿ ಸೇರಿ, ನನಗೆ ಪಿಯಾನೊ ಕಲಿಸಿ ಅಂತ ಕೇಳುತ್ತದೆ. ಮುದುಕ ಉಗಿದು ಕಳಿಸುತ್ತಾನೆ. ಅಷ್ಟು ನೋಡಿಯೂ ಮುಂದೆ ನೋಡಬೇಕು ಅನ್ನಿಸದಿದ್ದರೆ ಬಿಟ್ಟುಬಿಡಿ, ನನ್ನ ಬೇರೆ ಯಾವ ಶಿಫಾರಸೂ ನಿಮಗೆ ಹಿಡಿಸಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: 'ಶೋವಾ ಗೆನ್ರೊಕು ರಾಕುಗೊ ಶಿಂಜು', 2016 ಮತ್ತು 2017ರಲ್ಲಿ ಬಂದ ಎರಡು ಸೀಸನ್. ತಮಾಷೆ ಏನಪ್ಪಾ ಅಂದರೆ ಇದು ನಗಿಸುವವರ ಕಥೆ. ರಾಕುಗೊ ಅಂದರೆ ಒಬ್ಬನೇ ಕಲಾವಿದ ದಿಂಬಿನ ಮೇಲೆ ಮಂಡಿಯೂರಿ ಕೂತು, ಕೈಯಲ್ಲಿ ಒಂದು ಬೀಸಣಿಗೆ, ಒಂದು ಬಟ್ಟೆ ತುಂಡು ಇಟ್ಟುಕೊಂಡು, ಎಲ್ಲ ಪಾತ್ರಗಳನ್ನೂ ತಾನೇ ಆಡಿ ಕಥೆ ಹೇಳೋದು. ನಮ್ಮ ತಾಳಮದ್ದಲೆ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಿನಲ್ಲೇ ಎಲ್ಲ ಆಗಬೇಕು. ಆದರೆ ಇಲ್ಲಿ ಭಾಗವತರೂ ಇಲ್ಲ, ಎದುರು ಅರ್ಥಧಾರಿಯೂ ಇಲ್ಲ, ಇಡೀ ಸಭೆ ಒಬ್ಬನ ಹೆಗಲ ಮೇಲೆ. ಜೈಲಿನಿಂದ ಬಿಡುಗಡೆಯಾದ ಒಬ್ಬ ಪುಂಡ ನೇರ ಹೋಗಿ ಯಾಕುಮೊ ಅನ್ನೋ ಹಿರಿಯ ಕಲಾವಿದನ ಕಾಲು ಹಿಡಿಯುತ್ತಾನೆ, ಜೈಲಿನಲ್ಲಿ ನಿಮ್ಮ 'ಶಿನಿಗಾಮಿ' (ಸಾವಿನ ದೇವತೆ) ಕಥೆ ಕೇಳಿದ್ದೆ, ನನ್ನನ್ನು ಶಿಷ್ಯ ಮಾಡಿಕೊಳ್ಳಿ ಅಂತ. ಸೇರಿಸಿಕೊಂಡ ಮೇಲೆ ಒಂದು ದಿನ ಗುರು ವೇದಿಕೆಯಲ್ಲಿರುವಾಗಲೇ ಇವನು ಗೊರಕೆ ಹೊಡೆಯುತ್ತಾನೆ! ಗುರು ಹೊರಗೆ ಹಾಕುತ್ತಾನೆ. ಇದು ನಗು ಬರಿಸುವ ವಿಷಯವೇ, ಆದರೆ ಯಾರ ತಲೆಯೂ ಊದಲ್ಲ, ಯಾರ ಹಣೆಯ ಮೇಲೂ ದೊಡ್ಡ ಬೆವರ ಹನಿ ಇಳಿಯಲ್ಲ. ಅಕಿರಾ ಇಶಿದಾ ಯಾಕುಮೊಗೆ ದನಿ ಕೊಟ್ಟಿದ್ದಾರೆ, ನಿಮಿಷಗಟ್ಟಲೆ ಪೂರ್ತಿ ಕಥೆಗಳನ್ನು ನಿಜವಾಗಿ ಹೇಳಿಬಿಡುತ್ತಾರೆ. ಕ್ಯಾಮೆರಾ ಅವರ ಬೆರಳು, ಕತ್ತು ತಿರುಗಿಸೋದು, ಬೆನ್ನು ಬಾಗೋದು ಇಷ್ಟನ್ನೇ ನೋಡುತ್ತಾ ಕೂತಿರುತ್ತದೆ. ನೋಡಿ, ನಮಗೆಲ್ಲ ಬೇಡ ಅನ್ನಿಸೋದು ನಗು ಅಲ್ಲ. ಈಗ ನಗಬೇಕು ನೀವು ಅಂತ ಪಕ್ಕೆಗೆ ತಿವಿಯೋದು ಬೇಡ, ಅಷ್ಟೇ.

ದಿನಕ್ಕೆ ಒಂದೇ ಎಪಿಸೋಡ್ ನೋಡುವವರಿಗೆ 'ಮುಷಿಶಿ'. 2005-06ರದ್ದು, 26 ಎಪಿಸೋಡು, ಒಂದಕ್ಕೊಂದು ಸಂಬಂಧ ಇಲ್ಲ, ಬೆನ್ನಿಗೆ ಮರದ ಪೆಟ್ಟಿಗೆ ಹೊತ್ತ ಗಿಂಕೊ ಒಬ್ಬನೇ ಎಲ್ಲದರಲ್ಲೂ ಬರೋದು. ಗಿಡವೂ ಅಲ್ಲದ ಪ್ರಾಣಿಯೂ ಅಲ್ಲದ 'ಮುಷಿ'ಗಳಿಂದ ಕಾಯಿಲೆ ಬಿದ್ದವರನ್ನು ನೋಡಿಕೊಂಡು ಊರೂರು ಅಲೆಯುತ್ತಾನೆ. ಮೂರನೇ ಎಪಿಸೋಡಲ್ಲಿ ಹಿಮದಲ್ಲಿ ಮುಚ್ಚಿಹೋದ ಊರು, ಜನರಿಗೆ ಒಂದು ಕಿವಿ ಕೇಳಿಸಲ್ಲ. ಅಲ್ಲಿ ಒಬ್ಬ ತಾಯಿ ಸಾಯೋ ಮುಂಚೆ ಮಗನ ಕಿವಿಯ ಮೇಲೆ ಅಂಗೈ ಒತ್ತಿ, ಒಳಗೆ ಕೇಳೋ ಗುಂಯ್ ಶಬ್ದ ಬೆಂಕಿಬೆಟ್ಟದ ಲಾವಾದ ಸದ್ದಿನ ಹಾಗಿದೆ ಅಂತ ಹೇಳಿರುತ್ತಾಳೆ. ನೀವೂ ಒಮ್ಮೆ ಕಿವಿ ಮುಚ್ಚಿ ನೋಡಿ, ಕೇಳಿಸುತ್ತದೆ. ಮಲಗೋ ಮುಂಚೆ ನೋಡೋಕೆ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

'ವಿನ್‌ಲ್ಯಾಂಡ್ ಸಾಗಾ' ಹೆಸರು ಕೇಳಿರುತ್ತೀರಿ. ಮೊದಲ ಸೀಸನ್ ವೈಕಿಂಗ್ ಹೊಡೆದಾಟ, ಸೇಡು. ಎರಡನೆಯದರಲ್ಲಿ ನಾಯಕ ಜಮೀನಿನಲ್ಲಿ ಗುಲಾಮ. ಕಾಡು ಕಡಿಯೋದು, ಬೊಡ್ಡೆ ಕೀಳೋದು, ಗೋಧಿ ಬಿತ್ತೋದು. ಏನೂ ನಡೆಯಲ್ಲ ಅಂತ ತುಂಬಾ ಜನ ಬೈದರು. ಆ ಬೆಳೆ ಮೊಳಕೆ ಬಂದಮೇಲೆ ಜಮೀನಿನ ಇತರ ಆಳುಗಳು ಹೊಟ್ಟೆಕಿಚ್ಚಿಗೆ ರಾತ್ರೋರಾತ್ರಿ ಕಿತ್ತುಹಾಕುತ್ತಾರೆ. ಮೊದಲ ಸೀಸನ್ನಿನ ಯಾವ ಕೊಲೆಯೂ ನನಗೆ ಅಷ್ಟು ಸಿಟ್ಟು ಬರಿಸಿರಲಿಲ್ಲ.

ಉಳಿದವು ಚುಟುಕಾಗಿ. ರಾಜಕೀಯ, ಯುದ್ಧತಂತ್ರ, ಗಂಟೆಗಟ್ಟಲೆ ಮಾತು ಬೇಕಾದರೆ 'ಲೆಜೆಂಡ್ ಆಫ್ ದ ಗ್ಯಾಲಕ್ಟಿಕ್ ಹೀರೋಸ್'. 1988ರಿಂದ 1997ರವರೆಗೆ ಬಂದ 110 ಎಪಿಸೋಡು, ಹಳೇದೇ ನೋಡಿ. ಎರಡು ಗಂಟೆಯೊಳಗೆ ಮುಗಿಯೋದು ಬೇಕಾದರೆ ಸತೋಶಿ ಕೋನ್ ಅವರ ಸಿನಿಮಾ 'ಪರ್ಫೆಕ್ಟ್ ಬ್ಲೂ', ಮಕ್ಕಳು ಮಲಗಿದ ಮೇಲೆ. 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ದೊಡ್ಡ ಸಿನಿಮಾ, ಆದರೆ ಶುರುವಿಗೇ ಅದನ್ನು ನೋಡಬೇಡಿ. 1988ರಲ್ಲಿ ಜಪಾನಿನ ಥಿಯೇಟರುಗಳಲ್ಲಿ ಅದನ್ನೂ 'ಟೊಟೊರೊ' ಅನ್ನೋ ಮಕ್ಕಳ ಸಿನಿಮಾವನ್ನೂ ಒಂದೇ ಟಿಕೆಟ್ಟಿಗೆ ಜೊತೆಗೆ ತೋರಿಸಿದ್ದರಂತೆ, ಪಾಪ ಆ ಮಕ್ಕಳ ಗತಿ ಏನಾಗಿರಬೇಡ.

ಒಂದು ಎಚ್ಚರಿಕೆ. 'ಘೋಸ್ಟ್ ಇನ್ ದ ಶೆಲ್: ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್' ನೋಡಿದರೆ ಅದರಲ್ಲಿ ತಚಿಕೋಮಾ ಅಂತ ನೀಲಿ ಬಣ್ಣದ, ಜೇಡದಂಥ ಪುಟ್ಟ ಟ್ಯಾಂಕುಗಳಿವೆ. ಮಕ್ಕಳ ದನಿಯಲ್ಲಿ ಚಿಲಿಪಿಲಿ ಅನ್ನುತ್ತವೆ. ಇದೇ ನಮಗೆ ಬೇಡ ಅಂದದ್ದು ಅಂತ ರಿಮೋಟ್ ಎತ್ತಬೇಡಿ. ಸಾವು ಅಂದರೇನು, ತಮಗೂ ಅದು ಇದೆಯಾ ಅಂತ ಅವು ತಮ್ಮಲ್ಲೇ ಚರ್ಚೆ ಮಾಡುವ ಒಂದು ಎಪಿಸೋಡು ಬರುತ್ತದೆ, ಅಲ್ಲಿಯವರೆಗಾದರೂ ತಡೆದುಕೊಳ್ಳಿ. ಆಮೇಲೂ ಕಿರಿಕಿರಿ ಅನ್ನಿಸಿದರೆ ಬಂದು ನನಗೆ ಬೈಯಿರಿ.

ಮತ್ತೆ, ಎಲ್ಲವನ್ನೂ ಜಪಾನಿ ದನಿಯಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಂಡು. ರಾಕುಗೊ ಅಂತೂ ಡಬ್ಬಿಂಗಿನಲ್ಲಿ ಬೇಡವೇ ಬೇಡ.