ನೀವು ಯಾವ ದೇಶದವರು?

ಬೆಂಗಳೂರಿಗೆ ಬಂದು ಒಂಬತ್ತು ವರ್ಷವಾಯಿತು. ಈ ಪ್ರಶ್ನೆ ಕಿವಿಗೆ ಬೀಳದ ವಾರ ಇಲ್ಲವೇ ಇಲ್ಲ ಎನ್ನಬಹುದು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ತರಕಾರಿ ಅಂಗಡಿಯಲ್ಲಿ. ಮಾತು ಇಂಗ್ಲಿಷಿನಲ್ಲಿ ಶುರುವಾಗುತ್ತದೆ. ನಾನು ಕನ್ನಡದಲ್ಲಿ ಉತ್ತರ ಕೊಟ್ಟ ಕೂಡಲೇ ಎದುರಿಗಿದ್ದವರಿಗೆ ಆಶ್ಚರ್ಯ. "ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ದೀರ! ಯಾವ ದೇಶ ನಿಮ್ದು?" ಉತ್ತರ ಕನ್ನಡ ಜಿಲ್ಲೆ, ಯಲ್ಲಾಪುರ ತಾಲ್ಲೂಕು ಅನ್ನುತ್ತೇನೆ. "ಅದು ಸರಿ, ಮೂಲ ಯಾವ್ದು?"

ಇಳಿಯುವ ಸ್ಟಾಪ್ ಬರುವುದರೊಳಗೆ ಹೇಳಿ ಮುಗಿಸುವಂಥ ಉತ್ತರ ಅದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಿದ್ದಿ. ನಮ್ಮ ಹಿರಿಯರು ಆಫ್ರಿಕಾದವರು, ಅದು ನಿಜ. ಅವರಲ್ಲಿ ಹೆಚ್ಚಿನವರು ತಾವಾಗಿ ಬಂದವರಲ್ಲ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಜನರನ್ನು ಹಡಗಿನಲ್ಲಿ ಗೋವಾಕ್ಕೆ ತಂದು ಗುಲಾಮರಾಗಿ ಮಾರುತ್ತಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇವತ್ತು ನಾವು ಜಾಸ್ತಿ ಇರುವುದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ. 2011ರಲ್ಲಿ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿ ಪರೀಕ್ಷೆ ಮಾಡಿದರು. ಹೆಚ್ಚಿನ ಪಾಲು ಆಫ್ರಿಕಾದ್ದು, ಜೊತೆಗೆ ಭಾರತದ್ದೂ ಯುರೋಪಿನದ್ದೂ ಸೇರಿದೆ ಎಂದು ಗೊತ್ತಾಯಿತು. ಮೂಲ ಕೇಳುವವರಿಗೆ ಇಷ್ಟು ಸಾಕಾಗಬೇಕು, ಅಲ್ವಾ?

ಆದರೆ ಊರಲ್ಲಿ ಇದನ್ನು ಯಾರೂ ನನ್ನನ್ನು ಕೇಳಿದ್ದೇ ಇಲ್ಲ. ಹದಿನೆಂಟು ವರ್ಷದವರೆಗೆ ಆಫ್ರಿಕಾ ನನಗೆ ಭೂಪಟದಲ್ಲಿ ನೋಡಿದ ಒಂದು ಖಂಡ, ಅಷ್ಟೇ. ಊರಲ್ಲಿ ಕೇಳುತ್ತಿದ್ದ ಪ್ರಶ್ನೆ ಬೇರೆ. "ಯಾರ ಮನೆ ಕೆಲಸಕ್ಕೆ ಹೋಗೋರ ಮಗಳು ನೀನು?" ನಾನು ಅಪ್ಪನ ಹೆಸರು ಹೇಳುತ್ತಿರಲಿಲ್ಲ. "ಮೇಲಿನಮನೆ ಒಡೆಯರ ತೋಟದ ಆಳಿನ ಮಗಳು" ಅನ್ನುತ್ತಿದ್ದೆ. ಅದು ಬೇಗ ಅರ್ಥವಾಗುತ್ತಿತ್ತು. ಅಪ್ಪ ಅಡಿಕೆ ಕೊನೆ ಇಳಿಸುತ್ತಿದ್ದರು. ಅಮ್ಮ ಅಡಿಕೆ ಸುಲಿಯಲು ಹೋಗುತ್ತಿದ್ದರು. ನಮಗೆ ಕಾಫಿ ಅಂಗಳದಲ್ಲೇ, ಬೇರೆ ಲೋಟದಲ್ಲಿ. ಅದು ಗುಂಗುರು ಕೂದಲಿಗಾಗಿಯಲ್ಲ. ನಮ್ಮ ಪಕ್ಕದಲ್ಲೇ ಕೂತು ಕುಡಿಯುತ್ತಿದ್ದ ಬೇರೆ ಕೂಲಿಯವರ ಕೂದಲು ನೆಟ್ಟಗೇ ಇತ್ತು.

ಊರಲ್ಲಿ ನಾನು ಯಾರೆಂದು ಹೇಳುತ್ತಿದ್ದದ್ದು ಅಪ್ಪನ ಕೂಲಿ. ಮೈಬಣ್ಣ ನೋಡಿ ಹೇಳಿದ್ದು ಬೆಂಗಳೂರು. ಒಂದು ಮನೆಯ ಬಾಗಿಲಲ್ಲಿ ಎರಡೂ ಒಟ್ಟಿಗೇ ಎದುರಾದವು. ಬಾಡಿಗೆಗೆ ಮನೆ ಕೇಳಲು ಹೋಗಿದ್ದೆ. "ಆಫ್ರಿಕಾದವರಿಗೆ ಕೊಡಲ್ಲ" ಅಂದರು ಮನೆಯವರು. ಆಧಾರ್ ಕಾರ್ಡ್ ತೋರಿಸಿದೆ. ಮುಖ ಸ್ವಲ್ಪ ಸಡಿಲವಾಯಿತು. ಒಳಗೆ ಕೂರಿಸಿ ನೀರು ಕೊಟ್ಟು ಕೇಳಿದರು: "ಯಾವ ಜನ ನೀವು?" ಎಸ್‌ಟಿ ಅಂದೆ. ಸಂಜೆ ಫೋನ್ ಬಂತು, ಮನೆ ಬೇರೆಯವರಿಗೆ ಆಗಿದೆ ಎಂದು.

ಆಮೇಲೆ ನನ್ನನ್ನು ಜಾಸ್ತಿ ಕಾಡಿದ್ದು ಆ ಆಧಾರ್ ಕಾರ್ಡ್. ನಾನು ಆಫ್ರಿಕಾದವಳಲ್ಲ ಎಂದು ತೋರಿಸಿ ಮನೆ ಪಡೆಯಲು ಹೊರಟಿದ್ದೆನಲ್ಲ! ಹಾಗಾದರೆ ಪಕ್ಕದ ಬೀದಿಯಲ್ಲಿ ಓದುತ್ತಿರುವ ಉಗಾಂಡದ ಹುಡುಗಿಗೆ ಮನೆ ಕೊಡದಿದ್ದರೆ ಸರಿಯೇ? ಅವಳ ಪರಿಚಯ ನನಗಿದೆ. ಮೊದಲ ಸಲ ಸಿಕ್ಕಾಗ ಅವಳು ತನ್ನ ಭಾಷೆಯಲ್ಲೇ ಮಾತಾಡಿಸಿದಳು. ನನಗೆ ಒಂದು ಪದವೂ ಬರಲಿಲ್ಲ. ನಮ್ಮ ಮನೆಮಾತು ಕೊಂಕಣಿ, ಅದರಲ್ಲೂ ಕನ್ನಡ, ಮರಾಠಿ ಬೆರೆತಿದೆ. ಆದರೂ ಅವಳು ನನ್ನ ಕೂದಲು ಹೆಣೆದುಕೊಟ್ಟಾಗ ಕಣ್ಣು ತುಂಬಿ ಬಂತು. ಆ ಕೂದಲಿಗೆ ಬಾಚಣಿಗೆ ಹೇಗೆ ಹಾಕಬೇಕೆಂದು ಬೆಂಗಳೂರಲ್ಲಿ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ನಮ್ಮನ್ನು ಬರೀ ಮೈಕಟ್ಟು ನೋಡಿ ಅಳೆದದ್ದೂ ಇದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡಲು ಶುರು ಮಾಡಿತು. ಆಫ್ರಿಕಾದ ರಕ್ತ ಅಂದರೆ ಓಟ, ಜಿಗಿತ ಸಹಜವಾಗಿ ಬರುತ್ತದೆ ಎನ್ನುವ ನಂಬಿಕೆ ಅದರ ಹಿಂದಿತ್ತು. ಮಕ್ಕಳು ಪದಕಗಳನ್ನೂ ತಂದರು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಒಳ್ಳೆಯ ಊಟ, ಶಾಲೆ, ಶೂ ಸಿಕ್ಕರೆ ಯಾವ ಮಗುವೂ ಚೆನ್ನಾಗಿ ಓಡೀತು ಎಂದೇ ನನ್ನ ನಂಬಿಕೆ.

ಹಾಗಾದರೆ ಸಿದ್ದಿ ಅಂದರೆ ಏನು? ಧರ್ಮ ಅಲ್ಲ. ನಮ್ಮಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ನಮ್ಮ ಡಮಾಮಿ ಡೋಲು ಬಾರಿಸಿದರೆ ಮೂವರ ಕಾಲೂ ಒಂದೇ ಥರ ಕುಣಿಯುತ್ತದೆ. ಹಳೇ ಸೀರೆ ಸೇರಿಸಿ ಹೊಲಿಯುವ ಕೌದಿಗೆ ಮೂರೂ ಮನೆಯಲ್ಲಿ ಕವಂದಿ ಎಂದೇ ಹೆಸರು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಮೂರೂ ಧರ್ಮದವರು ಒಟ್ಟಾಗಿಯೇ ವರ್ಷಗಟ್ಟಲೆ ಕೇಳಿದರು. 2003ರಲ್ಲಿ ಅದು ಆಯಿತು.

ಆ ಒಂದು ಶಬ್ದದಿಂದ ಏನು ಬದಲಾಯಿತೆಂದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. ಕಾಡಿನ ನೆಲಕ್ಕೆ ಹಕ್ಕು ಪಡೆಯಲು ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಸಾಗುವಳಿ ಮಾಡುತ್ತಿದ್ದರು ಎಂದು ತೋರಿಸಿದರೆ ಸಾಕು. ಬೇರೆ ಕಾಡುವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೊಡಬೇಕು. ಓದು ಬರಹ ಇಲ್ಲದ ಮನೆಯಲ್ಲಿ 75 ವರ್ಷದ ಕಾಗದ ಎಲ್ಲಿಂದ ಬರಬೇಕು?

ಇನ್ನೊಂದು ಕಷ್ಟ. 2003ರಲ್ಲಿ ಸಿದ್ದಿಗಳು ಪಂಗಡವಾದದ್ದು ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ನನ್ನ ಅತ್ತೆಯನ್ನು ಕೊಟ್ಟದ್ದು ಪಕ್ಕದ ಕಲಘಟಗಿ ತಾಲ್ಲೂಕಿಗೆ, ಧಾರವಾಡ ಜಿಲ್ಲೆ. ಅದೇ ಮುಖ, ಅದೇ ಮಾತು, ಅದೇ ಕೂಲಿ. ಮಾವನೂ ಸಿದ್ದಿಯೇ. ಆದರೂ ಅವಳ ಮಕ್ಕಳು ಆಗ ಎಸ್‌ಟಿ ಆಗಿರಲಿಲ್ಲ! ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರಲ್ಲಿ. ಅಷ್ಟರಲ್ಲಿ ಅವಳ ದೊಡ್ಡ ಮಗ ಓದು ಬಿಟ್ಟು ಆರು ವರ್ಷವಾಗಿತ್ತು. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ನಮ್ಮವರಲ್ಲಿ ಮೊದಲಿಗರು. ಟಿವಿಯಲ್ಲಿ ಅದನ್ನು ನೋಡಿ ಅತ್ತೆ ಅತ್ತೇಬಿಟ್ಟಳು. ಸಂತೋಷಕ್ಕೋ ಮಗನ ಚಿಂತೆಗೋ, ನಾನು ಕೇಳಲಿಲ್ಲ.

ಹೋದ ವರ್ಷ, 2025ರಲ್ಲಿ, ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮಾಸ್ತರರು ನಮ್ಮ ಮನೆಗೂ ಬಂದಿದ್ದರು. ನಾನು ಆಗ ಊರಲ್ಲೇ ಇದ್ದೆ. ಜಾತಿ ಕೇಳಿದರು. ಅಪ್ಪ ಸಿದ್ದಿ ಅಂದರು. ಆಫ್ರಿಕಾದ ಮಾತೇ ಬರಲಿಲ್ಲ. ಕೆಲಸ ಏನು ಎಂದು ಕೇಳಿದಾಗ ಮಾತ್ರ ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಜೀವಮಾನವಿಡೀ ಯಾವ ಕಾಗದದಲ್ಲೂ ಅವರು ಕೂಲಿ ಎಂದೇ ಬರೆಸಿದವರು. ಮನೆ ಹಿಂದಿನ ಒಂದೂವರೆ ಎಕರೆ ಅತಿಕ್ರಮಣ ಜಾಗದಲ್ಲಿ ಇಪ್ಪತ್ತೈದು ವರ್ಷದಿಂದ ಭತ್ತ ಬೆಳೆಯುತ್ತಾರೆ, ಬದಿಯಲ್ಲಿ ಅಡಿಕೆ ಸಸಿ ನೆಟ್ಟಿದ್ದಾರೆ. ಹಕ್ಕುಪತ್ರದ ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ.

"ರೈತ ಅಂತ ಬರೀರಿ ಮಾಸ್ತರೇ" ಅಂದರು.