ಪೊಲೀಸ್ ಬಂದರೂ ಬಾಗಿಲು ತೆಗೆಯಬೇಡಿ

2025ರ ಜೂನ್ 14, ಶನಿವಾರ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಇಲ್ಲಿ ಮಿನೆಸೋಟಾದಲ್ಲಿ ಆ ಸದ್ದು ಬಂತು ಅಂದರೆ ಸುಂಟರಗಾಳಿ ಅಂತಲೇ ಲೆಕ್ಕ, ಮಗನನ್ನು ಎಬ್ಬಿಸಿಕೊಂಡು ಬೇಸ್‌ಮೆಂಟಿಗೆ ಓಡಬೇಕು. ನಿದ್ದೆಗಣ್ಣಲ್ಲೇ ಕಿಟಕಿ ನೋಡಿದೆ. ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಆಮೇಲೆ ಮೆಸೇಜ್ ಓದಿದೆ.

ಎಡಿನ್‌ಬರೋ ಗಾಲ್ಫ್ ಕೋರ್ಸಿನ ಸುತ್ತ ಮೂರು ಮೈಲಿಯೊಳಗೆ ಇರುವವರು ಹೊರಗೆ ಬರಬೇಡಿ, ಬಂದೂಕು ಇರುವ ಒಬ್ಬನನ್ನು ಹುಡುಕುತ್ತಿದ್ದೇವೆ, ಅವನು ಪೊಲೀಸ್ ಥರ ಕಾಣಿಸಬಹುದು. ಸ್ವಲ್ಪ ಹೊತ್ತಿಗೆ ಟಿವಿಯಲ್ಲಿ ನಮ್ಮ ಬ್ರೂಕ್ಲಿನ್ ಪಾರ್ಕಿನ ಪೊಲೀಸ್ ಮುಖ್ಯಸ್ಥರೇ ಇನ್ನೂ ಬಿಡಿಸಿ ಹೇಳಿದರು. ನಮ್ಮವರು ಇಬ್ಬಿಬ್ಬರಾಗಿಯೇ ಬರುತ್ತಾರೆ, ಒಬ್ಬನೇ ಪೊಲೀಸ್ ಬಂದರೆ ಬಾಗಿಲು ತೆಗೆಯಬೇಡಿ, 911ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ.

ಅತ್ತೆ ಆಗಲೇ ಎದ್ದು ಅಡುಗೆಮನೆಯಲ್ಲಿ ಕೂತಿದ್ದರು. ಪುತ್ತೂರಿನವರು, ಬಂದು ಇನ್ನೂ ಜಾಸ್ತಿ ದಿನ ಆಗಿರಲಿಲ್ಲ.

"ಎಂತ ಅಂತೆ?"

"ಪೊಲೀಸ್ ಬಂದ್ರೂ ಬಾಗಿಲು ತೆಗೀಬಾರ್ದಂತೆ ಅತ್ತೆ."

"ಪೊಲೀಸರಿಗೇ ತೆಗೀದಿದ್ರೆ ಮತ್ತೆ ಯಾರಿಗೆ ತೆಗಿಯುದು ಮಾರಾಯ್ತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ. ಫ್ರಿಜ್ ತೆಗೆದು ಹಾಲು ಎಷ್ಟಿದೆ ನೋಡಿದರು, ಅಕ್ಕಿ ಡಬ್ಬ ನೋಡಿದರು, "ಸಾಕು, ಮಧ್ಯಾಹ್ನದವರೆಗೆ ಒಳಗೆ ಇರುದು ನಂಗೆ ಹೊಸತಲ್ಲ" ಅಂತ ಹೇಳಿ ಉದ್ದು ನೆನೆಹಾಕಿದರು. ನಿಜಕ್ಕೂ ಹೊಸದಲ್ಲ. ಅದೇ ಮೇ ಮೊದಲ ವಾರ ಮಂಗಳೂರಿನಲ್ಲಿ ಒಂದು ಕೊಲೆ ಆಗಿ, ಬಂದ್ ಆಗಿ, ನಿಷೇಧಾಜ್ಞೆ ಹಾಕಿದ್ದರು. ತಿಂಗಳ ಕೊನೆಗೆ ಬಂಟ್ವಾಳದ ಕಡೆ ಇನ್ನೊಂದು. ಬಸ್ ಇಲ್ಲ, ಅಂಗಡಿ ಇಲ್ಲ, ಯಾರ ಮನೆಯ ಹುಡುಗ ಪೇಟೆಗೆ ಹೋದವನು ವಾಪಸ್ ಬಂದಿಲ್ಲ ಅಂತ ಫೋನಿನ ಮೇಲೆ ಫೋನು. ಇದನ್ನೆಲ್ಲ ಅಷ್ಟು ದಿನಗಳಿಂದ ನೋಡಿದವರಿಗೆ ಮೊದಲು ನೆನಪಾಗುವುದು ಹಾಲು, ಅಕ್ಕಿ. ನನಗೆ ಮೊದಲು ನೆನಪಾಗಿದ್ದು ವಾಟ್ಸಾಪ್.

ಏನಾಗಿತ್ತು ಅನ್ನುವುದು ನಿಧಾನವಾಗಿ ತಿಳಿಯಿತು. ರಾತ್ರಿ ಎರಡರ ಹೊತ್ತಿಗೆ ಪಕ್ಕದ ಚಾಂಪ್ಲಿನ್‌ನಲ್ಲಿ ರಾಜ್ಯದ ಸೆನೆಟರ್ ಜಾನ್ ಹಾಫ್‌ಮನ್ ಮನೆ ಬಾಗಿಲು ಬಡಿದು, ನಾನು ಪೊಲೀಸ್ ಅಂತ ಹೇಳಿ, ಅವರಿಗೂ ಅವರ ಹೆಂಡತಿಗೂ ಗುಂಡು ಹೊಡೆದಿದ್ದ. ಇಬ್ಬರೂ ಬದುಕಿದರು. ಗುಂಡೇಟು ತಿಂದವರು ಶಾಸಕರು ಅಂತ ಗೊತ್ತಾದ ಕೂಡಲೇ ನಮ್ಮೂರ ಪೊಲೀಸರಿಗೆ ಒಂದು ಯೋಚನೆ ಬಂತು, ಇಲ್ಲೂ ಒಬ್ಬರು ಶಾಸಕಿ ಇದ್ದಾರಲ್ಲ, ಒಂದು ಸಲ ಹೋಗಿ ನೋಡಿಬರೋಣ. ಹೋದಾಗ ಮನೆ ಮುಂದೆ ಪೊಲೀಸ್ ಗಾಡಿಯ ಹಾಗೆ ದೀಪ ಹಾಕಿಕೊಂಡ ಒಂದು ಕಪ್ಪು ಎಸ್‌ಯುವಿ, ಬಾಗಿಲಲ್ಲಿ ಅವನು. ಅವರ ಕಣ್ಣೆದುರೇ ಗುಂಡು ಹಾರಿಸಿದ, ತಪ್ಪಿಸಿಕೊಂಡ. ಆ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಗಂಡ ಮಾರ್ಕ್ ತೀರಿಕೊಂಡರು. ಮುಖಕ್ಕೆ ಮನುಷ್ಯನ ಚರ್ಮದ ಹಾಗೇ ಕಾಣುವ ಮುಖವಾಡ ಹಾಕಿಕೊಂಡಿದ್ದನಂತೆ.

ನಮ್ಮ ಕಡೆಯವರಿಗೆ ಒಂದು ಮಾತು ಹೇಳಬೇಕು. ಇಲ್ಲಿನ ಎಂಎಲ್‌ಎ ಅಂದರೆ ನಮ್ಮಲ್ಲಿಯ ಹಾಗೆ ಅಲ್ಲ. ಗನ್‌ಮ್ಯಾನ್ ಇಲ್ಲ, ಮನೆ ಮುಂದೆ ಅರ್ಜಿ ಹಿಡಿದವರ ಸಾಲಿಲ್ಲ, ಎಲ್ಲರ ಹಾಗೆ ಒಂದು ಬೀದಿಯಲ್ಲಿ ಒಂದು ಮನೆ. ಆರು ವರ್ಷ ಸ್ಪೀಕರ್ ಆಗಿದ್ದ ಹಾರ್ಟ್‌ಮನ್ ಅವರ ಮನೆಯೂ ಅಷ್ಟೇ.

ಹತ್ತು ಗಂಟೆ ಆಗಿರಬಹುದು, ನಮ್ಮ ಬಾಗಿಲು ಬಡಿದ ಸದ್ದಾಯಿತು. ನನ್ನ ಗಂಡ ಮೇಲಿನ ಕಿಟಕಿಯಿಂದ ನೋಡಿ ಎರಡು ಬೆರಳು ತೋರಿಸಿದರು. ಇಬ್ಬರು. ಆದರೂ ನಾನು 911ಕ್ಕೆ ಮಾಡಿದೆ. ಬಾಗಿಲಿನ ಒಳಗಿಂದಲೇ ಕೂಗಿ ಹೇಳಿದೆ, ಫೋನ್ ಮಾಡ್ತಿದ್ದೀನಿ, ಸ್ವಲ್ಪ ಇರಿ ಅಂತ. ಅವರಲ್ಲಿ ದೊಡ್ಡವನು ಸರಿ ಅಂತ ತಲೆ ಆಡಿಸಿ, ಇಬ್ಬರೂ ಒಂದೊಂದು ಮೆಟ್ಟಿಲು ಕೆಳಗಿಳಿದು, ಎರಡೂ ಕೈ ನಮಗೆ ಕಾಣುವ ಹಾಗೆ ಮುಂದೆ ಹಿಡಿದು ನಿಂತರು. ಲೈನಿನಲ್ಲಿ ತಡವಾಯಿತು. ನಮ್ಮ ಹಾಗೇ ಎಷ್ಟು ಜನ ಮಾಡುತ್ತಿದ್ದರೋ. ಅವರು ಗೊಣಗಲಿಲ್ಲ, ಎರಡನೇ ಸಲ ಬಡಿಯಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು, ತಮ್ಮದೇ ಯೂನಿಫಾರಂ ಹಾಕಿಕೊಂಡ ಒಬ್ಬ ಕೊಲೆಗಾರನನ್ನು ಹುಡುಕುತ್ತಿರುವವರು ಒಂದು ಮುಚ್ಚಿದ ಬಾಗಿಲ ಮುಂದೆ ನಮ್ಮ ನಂಬಿಕೆಗೆ ಕಾಯುತ್ತಾ ನಿಂತಿದ್ದರು. ಆ ಕಡೆಯಿಂದ ಹೌದು, ನಮ್ಮವರೇ ಅಂದಮೇಲೆ ತೆಗೆದೆವು. ಗ್ಯಾರೇಜ್ ನೋಡಿದರು, ಹಿತ್ತಿಲು ನೋಡಿದರು, ಬಾಗಿಲಿನ ಕ್ಯಾಮೆರಾದಲ್ಲಿ ಏನಾದರೂ ಸಿಕ್ಕಿದೆಯಾ ಕೇಳಿದರು. ಅತ್ತೆ ಹಿಂದಿನಿಂದ "ನೀರು ಬೇಕಾ ಕೇಳು" ಅಂದರು. ಒಬ್ಬ ಕುಡಿದ.

ಆ ದಿನ ನಾನು ನೋಡಿದ ಸಮಾಧಾನ ಅಂದರೆ ಇದು. ಗ್ರೂಪಿನಲ್ಲಿ ನಡೆದದ್ದು ಬೇರೆ.

ನಮ್ಮದೊಂದು ಕನ್ನಡದವರ ಗ್ರೂಪ್ ಇದೆ. ಮಾಮೂಲಿ ದಿನ ಅದರಲ್ಲಿ ಕರಿಬೇವು ಯಾವ ಅಂಗಡಿಯಲ್ಲಿ ಬಂದಿದೆ, ವಿಮಾನ ನಿಲ್ದಾಣಕ್ಕೆ ಯಾರಾದರೂ ಬಿಡ್ತೀರಾ, ಇಷ್ಟೇ. ಚುನಾವಣೆ ಬಂದರೆ ಮಾತ್ರ ಊರಿನದೂ ಸೇರಿ ನಾಲ್ಕು ಪಕ್ಷದ ಜಗಳ. ಆರೋಪಿಯ ಹೆಸರು ಹೊರಬಿದ್ದ ಕೂಡಲೇ ಇಬ್ಬರು ತೀರ್ಪು ಕೊಟ್ಟುಬಿಟ್ಟರು. ಒಬ್ಬರು: ಇವನು ಗವರ್ನರ್ ವಾಲ್ಜ್ ನೇಮಿಸಿದ ಮನುಷ್ಯ, ಕಾರಿನಲ್ಲಿ ಟ್ರಂಪ್ ವಿರೋಧಿ 'ನೋ ಕಿಂಗ್ಸ್' ಮೆರವಣಿಗೆಯ ಕರಪತ್ರ ಸಿಕ್ಕಿದೆ, ಎಲ್ಲ ಅವರವರೇ. (ವಾಲ್ಜ್ ಮತ್ತು ಗುಂಡೇಟು ತಿಂದ ಶಾಸಕರಿಬ್ಬರೂ ಡೆಮಾಕ್ರಟಿಕ್ ಪಕ್ಷದವರು.) ಇನ್ನೊಬ್ಬರು: ಇದು ನಿಮ್ಮವರು ದಿನಾ ಟಿವಿಯಲ್ಲಿ ಬೈದು ಬೈದು ಬೆಳೆಸಿದ್ದು, ಈಗ ಅನುಭವಿಸಿ. ಮೊದಲನೆಯವರು ಹೇಳಿದ ಮೊದಲೆರಡು ಮಾತು ಸುಳ್ಳಾಗಿರಲಿಲ್ಲ, ಅದೇ ಕಷ್ಟ. ಉದ್ಯೋಗದ ಬಗ್ಗೆ ಸಲಹೆ ಕೊಡುವ ಒಂದು ದೊಡ್ಡ ಮಂಡಳಿಯಲ್ಲಿ ಅವನು ಇದ್ದದ್ದು ಹೌದು, ಹಿಂದಿನ ಗವರ್ನರ್ ಹಾಕಿದ್ದು, ವಾಲ್ಜ್ ಮುಂದುವರಿಸಿದ್ದು. ಕರಪತ್ರ ಸಿಕ್ಕಿದ್ದೂ ಹೌದು. ಆದರೆ ಅದೇ ಗಾಡಿಯಲ್ಲಿ ಸಿಕ್ಕಿದ ಹೆಸರುಗಳ ಪಟ್ಟಿಯಲ್ಲಿ ಇದ್ದವರು ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷದವರು ಅನ್ನುವುದು ಆಮೇಲೆ ಬಂತು. ಎರಡು ನಿಜವಾದ ಚೂರು ಹಿಡಿದುಕೊಂಡು ಒಂದು ಪೂರ್ತಿ ಸುಳ್ಳು ಕಟ್ಟಬಹುದು, ಮಧ್ಯಾಹ್ನದ ಊಟಕ್ಕೆ ಮುಂಚೆ.

ಗ್ರೂಪಿನಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು ಇದ್ದಾರೆ, ಮಗಳ ಮನೆಯಲ್ಲಿರುವವರು. ಅವರು ಬರೆದರು: "ಅವನನ್ನು ಹಿಡಿಯೋ ತನಕ ಯಾರೂ ಕಾರಣ ಹೇಳಬೇಡಿ. ಯಾರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಯಾರಿಗೆ ಔಷಧಿ ಬೇಕು, ಅದನ್ನು ಬರೀರಿ." ಇಬ್ಬರೂ ಸುಮ್ನಾಗಲಿಲ್ಲ. ಅಡ್ಮಿನ್ ಆಗಿದ್ದವಳು ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಮಾಡಿ, ಬೇಕಾದ್ದನ್ನು ನಂಗೆ ಕಳಿಸಿ, ನಾನು ಹಾಕ್ತೀನಿ ಅಂದಳು. ಗೊಣಗಾಟ ಆಯಿತು, ಸರ್ವಾಧಿಕಾರಿ ಅಂತ ಬೈಸಿಕೊಂಡಳು. ಆದರೆ ಆ ಮಧ್ಯಾಹ್ನ ಗ್ರೂಪಿಗೆ ಬಂದದ್ದು ಇಷ್ಟೇ: ಒಬ್ಬರಿಗೆ ಮಗುವಿನ ಫಾರ್ಮುಲಾ ಮುಗಿದಿದೆ, ಒಬ್ಬರ ಅಪ್ಪ ಬೆಳಗಿನ ವಾಕಿಂಗಿಗೆ ಹೋದವರು ಅಂಗಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಮಧ್ಯಾಹ್ನದ ಮೇಲೆ ಹೊರಗೆ ಬರಬಹುದು ಅಂತ ಪೊಲೀಸರು ಹೇಳಿದ್ದಾರೆ.

ಅವತ್ತೇ ದೇಶದ ತುಂಬ 'ನೋ ಕಿಂಗ್ಸ್' ಮೆರವಣಿಗೆ ಇತ್ತು. ಇಲ್ಲಿ ಸಂಘಟಕರು ರದ್ದು ಮಾಡಿದರು, ಬರಬೇಡಿ ಅಂತ ಪೊಲೀಸರೂ ಹೇಳಿದರು. ಆದರೂ ಸೇಂಟ್ ಪಾಲ್‌ನ ಕ್ಯಾಪಿಟಲ್ ಮುಂದೆ, ಅಂದರೆ ಇಲ್ಲಿನ ವಿಧಾನಸೌಧದ ಮುಂದೆ, ಸಾವಿರಾರು ಜನ ಸೇರಿದರು. ನನ್ನ ಗೆಳತಿ ಹೋದಳು, ನಾನು ಹೋಗಲಿಲ್ಲ. ಯಾರು ಸರಿ ಅಂತ ಕೇಳಿದರೆ ಇಬ್ಬರೂ ಅಂತೀನಿ. ಅಲ್ಲಿ ಗಲಾಟೆ ಮಾಡದೆ ನಿಂತು ಬಂದವರಿಗೂ ಮನೆಯಲ್ಲಿ ಕೂತವರಿಗಿಂತ ಕಡಿಮೆ ಭಯ ಏನೂ ಇರಲಿಲ್ಲ.

ಭಾನುವಾರ ರಾತ್ರಿ ಗ್ರೀನ್ ಐಲ್ ಹತ್ತಿರ ಅವನನ್ನು ಹಿಡಿದರು. ಜೀವಂತವಾಗಿ. 2025ರ ಆಗಸ್ಟಿನಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳಲಿಲ್ಲ, ಅದು ಅದರ ದಾರಿಯಲ್ಲಿ ನಡೆಯಲಿ.

ನನ್ನ ತಲೆಯಲ್ಲಿ ಕೂತದ್ದು ಬೇರೆ ವಿಷಯ. ಮಿನೆಸೋಟಾದ ಕೆಳಮನೆಯಲ್ಲಿ ಆ ವರ್ಷ ಎರಡೂ ಪಕ್ಷಕ್ಕೆ 67-67 ಸೀಟು. ಜನವರಿಯಲ್ಲಿ ಡೆಮಾಕ್ರಟಿಕ್ ಕಡೆಯವರು ವಾರಗಟ್ಟಲೆ ಸದನಕ್ಕೇ ಬರಲಿಲ್ಲ, ಆಮೇಲೆ ಒಪ್ಪಂದ ಆಗಿ ರಿಪಬ್ಲಿಕನ್ ಪಕ್ಷದ ಲೀಸಾ ಡೆಮತ್ ಸ್ಪೀಕರ್ ಆದರು. ಬಜೆಟ್ ಆಗದಿದ್ದರೆ ಜುಲೈಗೆ ಸರ್ಕಾರ ನಿಲ್ಲುತ್ತದೆ ಅನ್ನುವ ಹಂತಕ್ಕೆ ಬಂದಾಗ, ದಾಖಲೆ ಇಲ್ಲದ ವಲಸಿಗರಲ್ಲಿ ವಯಸ್ಕರಿಗೆ ಕೊಡುತ್ತಿದ್ದ ಆರೋಗ್ಯ ವಿಮೆ ತೆಗೆಯಬೇಕು ಅಂತ ರಿಪಬ್ಲಿಕನ್ನರು ಹಟ ಹಿಡಿದರು. ಜೂನ್ 9ಕ್ಕೆ ಅದು 68-65ರಲ್ಲಿ ಪಾಸಾಯಿತು. ತನ್ನ ಪಕ್ಷದಿಂದ ಹೌದು ಅಂತ ಒತ್ತಿದ ಒಂದೇ ಒಂದು ವೋಟು ಹಾರ್ಟ್‌ಮನ್ ಅವರದು. ಮನಸ್ಸಿಲ್ಲದೆ ಹಾಕಿದ್ದು, ಒಪ್ಪಂದಕ್ಕೆ ಕೊಟ್ಟ ಮಾತಿಗೆ ಹಾಕಿದ್ದು. ಆಮೇಲೆ ಪತ್ರಕರ್ತರ ಮುಂದೆ ಕಣ್ಣೀರು ಹಾಕಿದರು. ಅವರದೇ ಪಕ್ಷದ ನನ್ನ ಗೆಳತಿ ಆ ವಾರವೆಲ್ಲ ಅವರಿಗೆ ಬೈಯುತ್ತಿದ್ದಳು. ಐದು ದಿನಕ್ಕೆ ಹೀಗಾಯಿತು.

ನಮ್ಮ ಪಕ್ಕದ ಮನೆಯ ಮುದುಕ ಪಕ್ಕಾ ರಿಪಬ್ಲಿಕನ್, ಹುಲ್ಲುಹಾಸಿನಲ್ಲಿ ಬೋರ್ಡು ನೆಟ್ಟವನು. ಸೋಮವಾರ ಕಸದ ಡಬ್ಬ ಇಡುವಾಗ ಸಿಕ್ಕಿದ. "ನಾನು ಆಕೆಗೆ ಒಂದು ಸಲವೂ ವೋಟು ಹಾಕಿಲ್ಲ, ಮುಂದಿನ ಸಲವೂ ಹಾಕ್ತಿರಲಿಲ್ಲ" ಅಂದ. ಸ್ವಲ್ಪ ತಡೆದು, "ನಂಗೆ ಆಕೆಯನ್ನು ಸೋಲಿಸಬೇಕಿತ್ತು ಅಷ್ಟೇ" ಅಂದ. ಕಸದ ಡಬ್ಬ ನೇರ ಮಾಡಿ ಒಳಗೆ ಹೋದ.

ರಾಜ್ಯದಿಂದ ವಾಷಿಂಗ್ಟನ್‌ಗೆ ಹೋದ ಎರಡೂ ಪಕ್ಷದ ಸದಸ್ಯರು ಒಟ್ಟಿಗೆ ಒಂದೇ ಹೇಳಿಕೆ ಕೊಟ್ಟರು, ಇಂಥದಕ್ಕೆ ನಮ್ಮ ಪ್ರಜಾಪ್ರಭುತ್ವದಲ್ಲಿ ಜಾಗ ಇಲ್ಲ ಅಂತ. ಆದರೆ ಯೂಟಾದ ಸೆನೆಟರ್ ಮೈಕ್ ಲೀ, ಆರೋಪಿಯ ಫೋಟೋ ಹಾಕಿ ನಮ್ಮ ಗವರ್ನರ್ ಹೆಸರಿಟ್ಟುಕೊಂಡು ತಮಾಷೆ ಮಾಡಿದರು. ನಮ್ಮ ಸೆನೆಟರ್ ಟೀನಾ ಸ್ಮಿತ್ ಏನು ಮಾಡಿದರು ಗೊತ್ತಾ? ವಾಪಸ್ ಇನ್ನೊಂದು ತಮಾಷೆ ಮಾಡಲಿಲ್ಲ. ಸೆನೆಟಿನಲ್ಲಿ ಅವರನ್ನು ಹುಡುಕಿ, ಎದುರು ನಿಂತು, ಸತ್ತವಳು ನನ್ನ ಗೆಳತಿ, ನೀವು ಬರೆದದ್ದು ನಮಗೆ ಎಷ್ಟು ನೋವು ಕೊಟ್ಟಿದೆ ಅಂತ ಮುಖಕ್ಕೇ ಹೇಳಿದರು. ಆಮೇಲೆ ಆ ಪೋಸ್ಟುಗಳು ಹೋದವು. ಸಮಾಧಾನ ಅಂದರೆ ಸುಮ್ನಿರೋದು ಅನ್ನುವವರನ್ನು ನಾನು ಒಪ್ಪಲ್ಲ. ಹೇಳಬೇಕಾದವರಿಗೆ, ಹೇಳಬೇಕಾದಷ್ಟು, ಅವರ ಎದುರೇ ಹೇಳುವುದಕ್ಕೆ ಜಾಸ್ತಿ ಧೈರ್ಯ ಬೇಕು.

ಹಾರ್ಟ್‌ಮನ್ ಮಕ್ಕಳಿಬ್ಬರೂ ಒಂದು ಪತ್ರ ಬರೆದರು. ಸೇಡಿನ ಮಾತು ಒಂದೂ ಇಲ್ಲ. ಗಿಡ ನೆಡಿ, ಪಾರ್ಕಿಗೆ ಹೋಗಿ, ಒಂದು ನಾಯಿಯ ತಲೆ ಸವರಿ, ಮನೆಯವರಿಗೆ ಕೆಟ್ಟ ಪಿಜೆ ಹೇಳಿ ನಕ್ಕುಬಿಡಿ, ಅಪ್ಪನ ನೆನಪಿಗೆ ಬ್ರೆಡ್ಡು, ಅಮ್ಮನ ನೆನಪಿಗೆ ಕೇಕು ಮಾಡಿ ಯಾರಿಗಾದರೂ ಹಂಚಿ, ನಿಮಗೆ ಸರಿ ಅನಿಸಿದ್ದರ ಪರ ನಿಲ್ಲಿ. ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಎರಡು ಸಲ ಓದಿಸಿಕೊಂಡರು. "ಇಷ್ಟು ಸಣ್ಣ ಪ್ರಾಯದವರು" ಅಂದರು. ಕೇಕು ನಮ್ಮಿಬ್ಬರಿಗೂ ಬರುವುದಿಲ್ಲ, ಕೋಡುಬಳೆ ಮಾಡಿದರು. ಪಕ್ಕದ ಮನೆಯ ಮುದುಕ ಎರಡು ತಿಂದು ನೀರು ಕೇಳಿದ, ಖಾರ ಆಯಿತಂತೆ.

ಜೂನ್ 27ಕ್ಕೆ ಕ್ಯಾಪಿಟಲ್‌ನಲ್ಲಿ ಅಂತಿಮ ದರ್ಶನ. ಮಿನೆಸೋಟಾದಲ್ಲಿ ಆ ಗೌರವ ಸಿಕ್ಕ ಮೊದಲ ಹೆಣ್ಣು ಅವರು. ನಾವೂ ಹೋದೆವು. ಎರಡು ಪೆಟ್ಟಿಗೆ, ನಡುವೆ ಅವರ ನಾಯಿ ಗಿಲ್ಬರ್ಟ್‌ನ ಬೂದಿಯ ಕರಂಡಕ. ಅದಕ್ಕೂ ಗುಂಡು ತಾಗಿತ್ತು, ಉಳಿಯಲಿಲ್ಲ. ಸಾಲಿನಲ್ಲಿ ನಮ್ಮ ಮುಂದೆ ಒಂದು ಲೈಬೀರಿಯಾದ ಕುಟುಂಬ ಇತ್ತು, ನಮ್ಮೂರಿನಲ್ಲಿ ಅವರು ತುಂಬ ಜನ. ಆ ಹೆಂಗಸು ಅತ್ತೆಯ ಕೈ ಹಿಡಿದುಕೊಂಡು ಏನೋ ಹೇಳಿದಳು. ಅತ್ತೆ ಕನ್ನಡದಲ್ಲೇ ಏನೋ ಹೇಳಿದರು. ನಡುವೆ ನಾನು ಬಾಯಿ ಹಾಕಲಿಲ್ಲ.

ಸೆಪ್ಟೆಂಬರ್ 10ಕ್ಕೆ ಯೂಟಾದ ಕಾಲೇಜೊಂದರಲ್ಲಿ ಮಾತಾಡುತ್ತಿದ್ದ ಬಲಪಂಥೀಯ ಭಾಷಣಕಾರ ಚಾರ್ಲಿ ಕರ್ಕ್‌ಗೆ ಗುಂಡು ಬಿತ್ತು. ಈ ಸಲ ಬಲಗಡೆಯವರ ಮನೆಯಲ್ಲಿ ಸಾವು. ಅವರ ಮಾತು ನನಗೆ ಯಾವತ್ತೂ ಹಿಡಿಸಿದ್ದಿಲ್ಲ. ಆದರೂ ನೋಡಿ ಹೊಟ್ಟೆ ಕಲಸಿತು. ಅಲ್ಲಿನ ರಿಪಬ್ಲಿಕನ್ ಗವರ್ನರ್ ಸ್ಪೆನ್ಸರ್ ಕಾಕ್ಸ್, ಫೋನ್ ಆಫ್ ಮಾಡಿ ಹೊರಗೆ ಹೋಗಿ, ಮನೆಯವರನ್ನು ತಬ್ಬಿಕೊಳ್ಳಿ ಅಂದರು. ನಮ್ಮ ಗ್ರೂಪಿನಲ್ಲಿ ಜೂನಿನಲ್ಲಿ "ಅನುಭವಿಸಿ" ಅಂದಿದ್ದವರು ಟೈಪ್ ಮಾಡುತ್ತಿದ್ದಾರೆ ಅಂತ ತುಂಬ ಹೊತ್ತು ತೋರಿಸಿತು. ಬಂದದ್ದು ಒಂದೇ ಸಾಲು: "ಅವರಿಗೆ ಚಿಕ್ಕ ಮಕ್ಕಳಿದ್ದಾರೆ." ಎದುರು ಪಕ್ಷದವರು ಅದಕ್ಕೆ ಕೈಮುಗಿಯುವ ಚಿಹ್ನೆ ಹಾಕಿದರು. ಅಡ್ಮಿನ್ ಏನೂ ಮಾಡಬೇಕಾಗಲಿಲ್ಲ.

ಸೆಪ್ಟೆಂಬರ್ 16ಕ್ಕೆ ಹಾರ್ಟ್‌ಮನ್ ಸೀಟಿಗೆ ಉಪಚುನಾವಣೆ. ನನಗಿನ್ನೂ ವೋಟಿಲ್ಲ, ಗಂಡನಿಗಿದೆ. ಅವರ ಜೊತೆ ಮತಗಟ್ಟೆವರೆಗೂ ಹೋಗಿ ಕಾರಿನಲ್ಲಿ ಕೂತಿದ್ದೆ. ಪಕ್ಕದ ಮನೆಯ ಮುದುಕ ಕೆಂಪು ಸ್ಟಿಕ್ಕರ್ ಅಂಟಿಸಿಕೊಂಡು ಹೊರಗೆ ಬಂದ, ನನಗೆ ಕೈ ಬೀಸಿದ. ಅವನ ಪಕ್ಷ ಸೋತಿತು. ಡೆಮಾಕ್ರಟಿಕ್ ಪಕ್ಷದ ಎಕ್ಸ್‌ಪಿ ಲೀ ಗೆದ್ದರು, ಮೊದಲು ನಮ್ಮೂರ ನಗರಸಭೆಯಲ್ಲಿ ಇದ್ದವರು. ಸದನ ಮತ್ತೆ 67-67.

ಆ ರಾತ್ರಿ ಗ್ರೂಪಿನಲ್ಲಿ ಬಂದೂಕಿನ ಕಾನೂನಿಗೆ ವಿಶೇಷ ಅಧಿವೇಶನ ಕರೆಯಬೇಕಾ ಬೇಡವಾ ಅಂತ ಜೋರು ಜಗಳ ಶುರುವಾಯಿತು. ಮೇಷ್ಟ್ರು ಬೇಡ ಅನ್ನುವ ಕಡೆ. ನಾನು ಅವರ ಎದುರು ಕಡೆ ಸೇರಿಕೊಂಡು ಹನ್ನೊಂದೂವರೆವರೆಗೂ ಬರೆದೆ.