ಘಟ್ಟದ ನೀರು, ಅಳಿವೆಯ ಬಳಚು
ಶಿರಸಿ ಕಡೆ ಹುಟ್ಟಿ ತದಡಿಯಲ್ಲಿ ಕಡಲು ಸೇರುವ ಅಘನಾಶಿನಿ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಅದಕ್ಕೇ ನದಿ ಕಡಲು ಕೂಡುವ ಅಳಿವೆಗೆ ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು ಎರಡೂ ಹೊತ್ತಿಗೆ ಸರಿಯಾಗಿ ಬರುತ್ತವೆ. ಕಡಲಿನ ಇಳಿತದಲ್ಲಿ ಹೆಂಗಸರು ನೀರಿಗಿಳಿದು, ಕೆಸರು ತಡಕಿ ಬಳಚು ಎಂಬ ತಿನ್ನುವ ಚಿಪ್ಪುಜೀವಿಯನ್ನು ಹೆಕ್ಕುವುದನ್ನು ನೋಡಬೇಕು. ಆಚೆ ಗಜನಿಯಲ್ಲಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ, ಉಪ್ಪು ತಾಳುವ ಕಗ್ಗ ಭತ್ತ.

ಪಕ್ಕದ ಶರಾವತಿಯ ಕತೆ ಬೇರೆ. ಅಣೆಕಟ್ಟಿನಿಂದ ಕರೆಂಟಿಗೆಂದು ಬಿಟ್ಟ ನೀರು ವರ್ಷವಿಡೀ ಹರಿದು ಅಳಿವೆಯ ಉಪ್ಪು ಇಳಿಯಿತು, ಬಳಚೂ ಬಹುಪಾಲು ಹೋಯಿತು.

2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದಾಗ ತುಂಬಾ ಖುಷಿಪಟ್ಟಿದ್ದೆ. ಆದರೆ ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಅಘನಾಶಿನಿ-ವೇದಾವತಿ ಜೋಡಣೆಯ ಮಾತು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆಯೊಳಗೆ ಸಂಕಟ. ಘಟ್ಟದ ಮೇಲೆ ನೀರು ತಿರುಗಿಸಿದರೆ ಕೆಳಗೆ ಅಳಿವೆಯ ಲೆಕ್ಕವೇ ತಪ್ಪುತ್ತದೆ. ಇಂಥ ಯೋಜನೆಗಳ ಸಭೆಗಳಲ್ಲಿ ಬಳಚು ಹೆಕ್ಕುವವರಿಗೂ ಕುರ್ಚಿ ಹಾಕಿ, ದಯವಿಟ್ಟು.